ವೈವಿಧ್ಯ: ಯಾವುದರದು, ಎಷ್ಟು, ಎಣಿಸಿದವರು ಯಾರು?

2022ರ ಅಕ್ಟೋಬರ್ 31ರಂದು ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಹಾರ್ವರ್ಡ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಗಳ ಪ್ರವೇಶ ಪದ್ಧತಿಯ ಮೇಲೆ ವಾದ ನಡೆದಿತ್ತು. ವಕೀಲರ ಬಾಯಲ್ಲಿ ‘ಡೈವರ್ಸಿಟಿ’ ಎಂಬ ಮಾತು ಮತ್ತೆ ಮತ್ತೆ ಬರುತ್ತಿತ್ತು. ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಕೇಳಿದರು: ಈ ಶಬ್ದವನ್ನು ಬಹಳ ಸಲ ಕೇಳಿದ್ದೇನೆ, ಅದರ ಅರ್ಥವೇನು ಎಂಬುದು ಮಾತ್ರ ನನಗೆ ಹೊಳೆದಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಅರ್ಥ ಇದ್ದಂತಿದೆ. ಥಾಮಸ್ ಅವರು ಕಪ್ಪು ಜನಾಂಗದವರೇ, ಆದರೆ ಜನಾಂಗ ನೋಡಿ ಸೀಟು ಕೊಡುವ ಪದ್ಧತಿಯ ಹಳೆಯ ವಿರೋಧಿ. ಹಾಗಾಗಿ ಪ್ರಶ್ನೆಯಲ್ಲಿ ಕುಹಕವಿತ್ತು. ಕುಹಕದ ಪ್ರಶ್ನೆಯೂ ಒಳ್ಳೆಯ ಪ್ರಶ್ನೆಯಾಗಿರಲು ಅಡ್ಡಿಯಿಲ್ಲ. ನಮ್ಮ ‘ವೈವಿಧ್ಯ’ಕ್ಕೂ ಅದನ್ನೇ ಕೇಳಿ ನೋಡಬಹುದು.

ಕನ್ನಡದಲ್ಲಿ ಈ ಶಬ್ದ ಬಹಳ ದಿನ ಸಂಕೋಚವಿಲ್ಲದೆ ಓಡಾಡಿಕೊಂಡಿತ್ತು. ಶಾಲಾ ವಾರ್ಷಿಕೋತ್ಸವದ ಆಮಂತ್ರಣದಲ್ಲಿ ‘ವೈವಿಧ್ಯಮಯ ಮನರಂಜನಾ ಕಾರ್ಯಕ್ರಮ’, ಆಷಾಢ ರಿಯಾಯಿತಿಯ ಜಾಹೀರಾತಿನಲ್ಲಿ ‘ವೈವಿಧ್ಯಮಯ ಸೀರೆಗಳು’, ಗಣರಾಜ್ಯೋತ್ಸವದ ಭಾಷಣದಲ್ಲಿ ‘ವಿವಿಧತೆಯಲ್ಲಿ ಏಕತೆ’. ಎಲ್ಲ ಕಡೆಯೂ ಹೊಗಳಿಕೆಯೇ. ಈಗ ಬೆಂಗಳೂರಿನ ಕಂಪನಿಗಳ ಎಚ್‌ಆರ್ ವಿಭಾಗದಿಂದ ಇಂಗ್ಲಿಷ್ ರೂಪವೂ ಬಂದು ಸೇರಿಕೊಂಡಿದೆ. ‘ಡೈವರ್ಸಿಟಿ ಹೈರಿಂಗ್’ ನಡೆಯುತ್ತಿದೆ ಎಂದರೆ ಅಲ್ಲಿ ಬಹುತೇಕ ಒಂದೇ ಅರ್ಥ: ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಿದ್ದಾರೆ. ‘ಆಕೆ ಡೈವರ್ಸಿಟಿ ಕ್ಯಾಂಡಿಡೇಟ್’ ಎಂಬ ಮಾತನ್ನು ಆ ಕಟ್ಟಡಗಳಲ್ಲಿ ಸಲೀಸಾಗಿ ಆಡುತ್ತಾರೆ.

ತೊಡಕು ಅಲ್ಲಿಂದಲೇ ಶುರು. ಒಬ್ಬಳೇ ವ್ಯಕ್ತಿಯಲ್ಲಿ ವೈವಿಧ್ಯ ಇರಲು ಸಾಧ್ಯವಿಲ್ಲ. ವೈವಿಧ್ಯ ಗುಂಪಿನ ಗುಣ. ಇಪ್ಪತ್ತು ಗಂಡಸರ ತಂಡಕ್ಕೆ ಒಬ್ಬ ಹೆಣ್ಣುಮಗಳು ಸೇರಿದರೆ ವೈವಿಧ್ಯ ಎಷ್ಟು ಆಕೆಯದೋ ಅಷ್ಟೇ ಆ ಇಪ್ಪತ್ತು ಜನರದೂ ಹೌದು. ಆಕೆಯನ್ನು ಮಾತ್ರ ‘ಡೈವರ್ಸಿಟಿ’ ಎಂದು ಕರೆದರೆ, ಉಳಿದವರು ಸಹಜ, ಈಕೆ ಸೇರ್ಪಡೆ ಎಂದು ಹೇಳಿದಂತೆ. ಗೌರವಿಸಲು ಬಂದ ಶಬ್ದ ಆಕೆಯನ್ನು ಹೊರಗಿನವಳು ಎಂದು ಗುರುತುಹಾಕಿ ಕೂರಿಸುತ್ತದೆ. ಅದರ ಜೊತೆಗೇ, ಕೆಲಸ ಬಾರದಿದ್ದರೂ ಕೋಟಾದಲ್ಲಿ ಬಂದವಳು ಎಂಬ ಪಿಸುಮಾತೂ ಹುಟ್ಟುತ್ತದೆ.

ಶಬ್ದವನ್ನು ಸಡಿಲ ಬಿಡದೆ ಬಳಸುವವರು ಒಂದು ಕಡೆ ಇದ್ದಾರೆ: ಕಾಡಿನಲ್ಲಿ ಮರ ಎಣಿಸುವವರು. ಅವರಿಗೆ ದಾರಿ ಹಾಕಿಕೊಟ್ಟವರಲ್ಲಿ ಒಬ್ಬರು ಎಡ್ವರ್ಡ್ ಸಿಂಪ್ಸನ್ ಎಂಬ ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ. ಎರಡನೇ ಮಹಾಯುದ್ಧದಲ್ಲಿ ಬ್ಲೆಚ್ಲಿ ಪಾರ್ಕ್‌ನಲ್ಲಿ ಶತ್ರುಗಳ ಗುಪ್ತ ಸಂದೇಶ ಒಡೆಯುತ್ತಿದ್ದವರು. 1949ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರು ವೈವಿಧ್ಯ ಅಳೆಯುವ ಒಂದು ಪುಟ್ಟ ಸೂತ್ರ ಪ್ರಕಟಿಸಿದರು. ಗುಂಪಿನಿಂದ ಕಣ್ಣುಮುಚ್ಚಿ ಇಬ್ಬರನ್ನು ಆರಿಸಿ. ಅವರಿಬ್ಬರೂ ಒಂದೇ ಬಗೆಯವರಾಗಿರುವ ಸಾಧ್ಯತೆ ಎಷ್ಟು? ಆ ಸಾಧ್ಯತೆ ಹೆಚ್ಚಿದ್ದಷ್ಟೂ ವೈವಿಧ್ಯ ಕಡಿಮೆ. ಇಷ್ಟೇ ಸೂತ್ರ.

ಇದರ ಬಲ ಗೊತ್ತಾಗಬೇಕಾದರೆ ಮಲೆನಾಡಿನ ಎರಡು ತುಂಡು ನೆಲವನ್ನು ಊಹಿಸಿಕೊಳ್ಳಿ. ಎರಡರಲ್ಲೂ ನೂರು ನೂರು ಮರ, ಎರಡರಲ್ಲೂ ಇಪ್ಪತ್ತು ಜಾತಿ. ಮೊದಲನೆಯದರಲ್ಲಿ ಪ್ರತಿ ಜಾತಿಯ ಐದು ಮರ. ಎರಡನೆಯದರಲ್ಲಿ 81 ಅಕೇಶಿಯಾ, ಉಳಿದ ಹತ್ತೊಂಬತ್ತು ಜಾತಿಗೆ ಒಂದೊಂದೇ ಮರ. ಅರಣ್ಯ ಇಲಾಖೆಯ ಫಲಕದಲ್ಲಿ ಎರಡಕ್ಕೂ ‘20 ಪ್ರಭೇದಗಳು’ ಎಂದೇ ಬರೆಯಬಹುದು, ಸುಳ್ಳಲ್ಲ. ಆದರೆ ಎರಡು ಮರ ಆರಿಸಿ ನೋಡಿ. ಮೊದಲನೆಯದರಲ್ಲಿ ಎರಡೂ ಒಂದೇ ಜಾತಿಯವಾಗಿರುವ ಸಾಧ್ಯತೆ ನೂರಕ್ಕೆ ಸುಮಾರು 4, ಎರಡನೆಯದರಲ್ಲಿ ಸುಮಾರು 65. ಹೆಸರುಗಳ ಪಟ್ಟಿ ಒಂದೇ ಉದ್ದ. ಒಂದು ಕಾಡು, ಇನ್ನೊಂದು ನೆಡುತೋಪು.

ಇದೇ ಲೆಕ್ಕವನ್ನು ನಮ್ಮ ವಿಧಾನಸಭೆಗೆ ಹಾಕೋಣ. 2023ರ ಚುನಾವಣೆಯಲ್ಲಿ 224 ಸ್ಥಾನಗಳ ಪೈಕಿ ಹತ್ತರಲ್ಲಿ ಮಹಿಳೆಯರು ಗೆದ್ದರು. ಸಭೆಯಿಂದ ಯಾರಾದರೂ ಇಬ್ಬರನ್ನು ಚೀಟಿ ಎತ್ತಿದರೆ ಇಬ್ಬರೂ ಗಂಡಸರಾಗಿರುವ ಸಾಧ್ಯತೆ ನೂರಕ್ಕೆ 91. ಇಂಥ ಸಭೆಯಲ್ಲೂ ಮಹಿಳಾ ದಿನದ ಮುಖಪುಟ ಚಿತ್ರಕ್ಕೆ ಹತ್ತು ಜನರನ್ನು ಒಟ್ಟಿಗೆ ನಿಲ್ಲಿಸಿದರೆ ಚಿತ್ರ ತುಂಬಿಯೇ ಕಾಣುತ್ತದೆ. ಕಂಪನಿಗಳ ಆಡಳಿತ ಮಂಡಳಿಯದೂ ಇದೇ ಕಥೆ. 2013ರ ಕಂಪನಿ ಕಾಯ್ದೆ ಷೇರುಪೇಟೆಯ ಕಂಪನಿಗಳಲ್ಲಿ ಕನಿಷ್ಠ ಒಬ್ಬ ಮಹಿಳಾ ನಿರ್ದೇಶಕಿ ಇರಲೇಬೇಕು ಎಂದಿತು. ಎಷ್ಟೋ ಮಾಲೀಕರು ಮನೆಯ ಹೆಂಡತಿಯನ್ನೋ ಮಗಳನ್ನೋ ಕೂರಿಸಿ ಕಾಯ್ದೆ ಪಾಲಿಸಿದರು. ಕುರ್ಚಿ ತುಂಬಿತು, ಮನೆಯ ಮಾತು ಮನೆಯಲ್ಲೇ ಉಳಿಯಿತು.

ಮರದ ಲೆಕ್ಕವನ್ನು ಭಾಷೆಗೆ ತಂದವರು ಭಾಷಾವಿಜ್ಞಾನಿ ಜೋಸೆಫ್ ಗ್ರೀನ್‌ಬರ್ಗ್, 1956ರಲ್ಲಿ. ಒಂದು ದೇಶದ ಯಾರಾದರೂ ಇಬ್ಬರ ತಾಯ್ನುಡಿ ಬೇರೆ ಬೇರೆಯಾಗಿರುವ ಸಾಧ್ಯತೆ ಎಷ್ಟು ಎಂದು ಅವರು ಕೇಳಿದರು. ಇಲ್ಲಿ ಮರಗಳಿಗಿಲ್ಲದ ಒಂದು ಗೊಂದಲ ಎದುರಾಗುತ್ತದೆ. ಮರಗಳು ತಮ್ಮ ಹೆಸರನ್ನು ತಾವೇ ಹೇಳುವುದಿಲ್ಲ, ಜನ ಹೇಳುತ್ತಾರೆ. ಹೇಳಿದ ಹೆಸರನ್ನು ಯಾವ ಕಟ್ಟಿಗೆ ಸೇರಿಸಬೇಕು ಎಂದು ತೀರ್ಮಾನಿಸುವವರು ಬೇರೊಬ್ಬರು.

2011ರ ಜನಗಣತಿಯಲ್ಲಿ ಭಾರತೀಯರು ತಾಯ್ನುಡಿಯ ಕಾಲಂನಲ್ಲಿ ಬರೆಸಿದ ಹೆಸರುಗಳು 19,569. ಕಾಗುಣಿತದ ವ್ಯತ್ಯಾಸ, ಊರಿನ ಹೆಸರು, ಜಾತಿಯ ಹೆಸರು ಎಲ್ಲವೂ ಸೇರಿದ ರಾಶಿ ಅದು. ಅದನ್ನು ಸೋಸಿ 1,369 ತಾಯ್ನುಡಿಗಳೆಂದು ವಿಂಗಡಿಸಿದರು, ಸುಮಾರು ಒಂದೂವರೆ ಸಾವಿರ ಹೆಸರುಗಳನ್ನು ವಿಂಗಡಿಸಲಾಗದವು ಎಂದು ಪಕ್ಕಕ್ಕಿಟ್ಟರು. ಆಮೇಲೆ ಹತ್ತು ಸಾವಿರಕ್ಕಿಂತ ಹೆಚ್ಚು ಜನ ಆಡುವವನ್ನು ಗುಂಪು ಕಟ್ಟಿ 121 ‘ಭಾಷೆ’ಗಳನ್ನಾಗಿ ಮಾಡಿದರು. ಅದರಲ್ಲಿ 22 ಸಂವಿಧಾನದ ಎಂಟನೇ ಪರಿಚ್ಛೇದದವು. ಹತ್ತೊಂಬತ್ತು ಸಾವಿರವೋ, ಸಾವಿರದ ಮುನ್ನೂರೋ, ನೂರ ಇಪ್ಪತ್ತೊಂದೋ, ಇಪ್ಪತ್ತೆರಡೋ? ನಾಲ್ಕೂ ಸರಿ. ನಿಮಗೆ ಬೇಕಾದ ಭಾಷಣಕ್ಕೆ ಬೇಕಾದ ಸಂಖ್ಯೆ ಎತ್ತಿಕೊಳ್ಳಬಹುದು.

ಗುಂಪು ಕಟ್ಟುವುದರಲ್ಲಿ ಏನಾಗುತ್ತದೆ ನೋಡಿ. ಜನಗಣತಿಯ ಪ್ರಕಾರ ಹಿಂದಿ ಆಡುವವರು 52.8 ಕೋಟಿ. ಆದರೆ ‘ನನ್ನ ತಾಯ್ನುಡಿ ಹಿಂದಿ’ ಎಂದೇ ಬರೆಸಿದವರು 32.2 ಕೋಟಿ. ಉಳಿದವರು ಭೋಜಪುರಿ, ರಾಜಸ್ಥಾನಿ, ಛತ್ತೀಸ್‌ಗಢಿ, ಮಗಹಿ ಮುಂತಾಗಿ ಐವತ್ತಕ್ಕೂ ಹೆಚ್ಚು ಹೆಸರು ಹೇಳಿದವರು. ನಮ್ಮ ಉತ್ತರ ಕರ್ನಾಟಕದ ತಾಂಡಾಗಳ ಲಂಬಾಣಿಯೂ ಆ ಪಟ್ಟಿಯಲ್ಲಿದೆ. ದೇಶದಲ್ಲಿ ಲಮಾಣಿ ಅಥವಾ ಲಂಬಾಡಿ ತಮ್ಮ ನುಡಿ ಎಂದವರು ಸುಮಾರು 32.8 ಲಕ್ಷ. ವಿಜಯಪುರದ ತಾಂಡಾದ ಅಜ್ಜಿ ಹಿಂದಿ ಸಿನಿಮಾದ ಒಂದು ಸಂಭಾಷಣೆಯೂ ಅರ್ಥವಾಗದವಳಿರಬಹುದು, ದಿಲ್ಲಿಯ ಕೋಷ್ಟಕದಲ್ಲಿ ಆಕೆ ಹಿಂದಿ ಭಾಷಿಕಳು. ಕನ್ನಡಿಗರು ಇದಕ್ಕೆ ಬೇಗ ಸಿಟ್ಟಾಗುತ್ತೇವೆ, ಆಗಬೇಕಾದದ್ದೇ. ಅದೇ ಕೋಷ್ಟಕದಲ್ಲಿ ನೀಲಗಿರಿಯ ಸುಮಾರು 1.3 ಲಕ್ಷ ಬಡಗರ ನುಡಿಯನ್ನು ಕನ್ನಡದ ಕೆಳಗೆ ಸೇರಿಸಿದ್ದಾರೆ ಎಂಬುದನ್ನೂ ಆಗ ಜೊತೆಗೆ ಹೇಳಬೇಕು. ನಮ್ಮದು ಒಂದು ನುಡಿ, ಬೇರೆಯವರದು ಉಪಭಾಷೆ ಎಂಬ ಹಮ್ಮು ಹಿಂದಿಯವರದ್ದು ಮಾತ್ರ ಅಲ್ಲ.

ಗ್ರೀನ್‌ಬರ್ಗ್ ಲೆಕ್ಕವನ್ನು ಈ ಅಂಕಿಗಳಿಗೆ ನಾನೇ ಹಾಕಿ ನೋಡಿದೆ. ಸರ್ಕಾರ ಕಟ್ಟಿದ ಗುಂಪುಗಳ ಪ್ರಕಾರ ಇಬ್ಬರು ಭಾರತೀಯರ ಭಾಷೆ ಒಂದೇ ಆಗಿರುವ ಸಾಧ್ಯತೆ ನೂರಕ್ಕೆ ಸುಮಾರು 22. ಹಿಂದಿಯ ಗುಂಪನ್ನು ಬಿಡಿಸಿ, ಜನ ಹೇಳಿದ ಹೆಸರುಗಳನ್ನೇ ಇಟ್ಟರೆ ಅದು ಸುಮಾರು 10ಕ್ಕೆ ಇಳಿಯುತ್ತದೆ. ಹೆಸರಿನ ಪೆಟ್ಟಿಗೆ ಬದಲಿಸಿದ್ದಷ್ಟಕ್ಕೇ ಏಕರೂಪತೆ ಅರ್ಧಕ್ಕಿಂತ ಕಡಿಮೆಯಾಯಿತು. ಒಬ್ಬನೇ ಒಬ್ಬ ಮನುಷ್ಯ ತನ್ನ ಮಾತನ್ನು ಬದಲಿಸಿಲ್ಲ. ಇನ್ನು ಎಂಟನೇ ಪರಿಚ್ಛೇದದ ಮರ್ಯಾದೆ ಯಾರಿಗೆ ಸಿಕ್ಕಿದೆ ಎಂದು ನೋಡಿದರೆ, 24,821 ಜನ ತಾಯ್ನುಡಿ ಎಂದ ಸಂಸ್ಕೃತ ಒಳಗಿದೆ, 18 ಲಕ್ಷಕ್ಕೂ ಹೆಚ್ಚು ಜನರ ತುಳು ಹೊರಗಿದೆ. ಸಂಸ್ಕೃತಕ್ಕೆ ಅಲ್ಲಿರಲು ಬೇರೆ ಕಾರಣಗಳಿವೆ ಎನ್ನಿ, ಒಪ್ಪೋಣ. ತುಳು ಹೊರಗಿರಲು ಕಾರಣ ಏನೆಂದು ಕರಾವಳಿಯವರು ಕೇಳುತ್ತಲೇ ಇದ್ದಾರೆ.

ಕಾಡಿನಲ್ಲಿ ಮರ ಎಣಿಸುವವರ ಬಳಿ ಇನ್ನೊಂದು ಉಪಯುಕ್ತ ಭೇದವಿದೆ. ಪರಿಸರವಿಜ್ಞಾನಿ ರಾಬರ್ಟ್ ವಿಟೇಕರ್ 1960ರಲ್ಲಿ ಒಂದು ಜಾಗದ ಒಳಗಿನ ವೈವಿಧ್ಯಕ್ಕೂ ಜಾಗ ಜಾಗಗಳ ನಡುವಿನ ವೈವಿಧ್ಯಕ್ಕೂ ಬೇರೆ ಬೇರೆ ಹೆಸರಿಟ್ಟರು: ಆಲ್ಫಾ, ಬೀಟಾ. ಒಂದು ಹೆಚ್ಚುವಾಗ ಇನ್ನೊಂದು ಕುಗ್ಗಬಹುದು. ಹೆದ್ದಾರಿಯ ಯಾವ ಊರಿನ ಹೋಟೆಲಿನ ಬೋರ್ಡ್ ಓದಿದರೂ ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಚೈನೀಸ್. ಕಲಬುರಗಿ, ಹಾವೇರಿ, ಬಂಟ್ವಾಳ ಎಲ್ಲ ಕಡೆ ಅದೇ ಮೂರು ಸಾಲು, ಅದೇ ಗೋಬಿ ಮಂಚೂರಿ. ಒಂದೊಂದು ಊರೂ ಮೊದಲಿಗಿಂತ ವೈವಿಧ್ಯಮಯ, ಊರು ಊರಿಗಿದ್ದ ಅಂತರ ಮಾತ್ರ ಸವೆದಿದೆ. ‘ವೈವಿಧ್ಯ ಹೆಚ್ಚಿದೆ’ ಎನ್ನುವವರೂ ‘ಹಾಳಾಗಿದೆ’ ಎನ್ನುವವರೂ ಒಂದೇ ಬೋರ್ಡ್ ನೋಡಿ ಜಗಳವಾಡುತ್ತಾರೆ. ಯಾವ ವೈವಿಧ್ಯ ಎಂದು ಮೊದಲೇ ಹೇಳಿಬಿಟ್ಟಿದ್ದರೆ ಜಗಳ ಅರ್ಧ ಮುಗಿಯುತ್ತಿತ್ತು.

ಆದರೆ ಎಣಿಕೆಯಿಂದ ಬಗೆಹರಿಯುವುದು ಒಂದು ಮಿತಿಯವರೆಗೆ. ಅದರಾಚೆಯ ಪ್ರಶ್ನೆ, ವೈವಿಧ್ಯ ಏಕೆ ಬೇಕು ಎಂಬುದು. ಥಾಮಸ್ ಅವರ ಕೋರ್ಟಿಗೆ ಆ ಶಬ್ದ ಬಂದ ಬಗೆಯಲ್ಲೇ ಇದಕ್ಕೆ ಪಾಠವಿದೆ.

ಕ್ಯಾಲಿಫೋರ್ನಿಯಾದ ಡೇವಿಸ್ ವೈದ್ಯಕೀಯ ಕಾಲೇಜಿನಲ್ಲಿ 1970ರ ದಶಕದಲ್ಲಿ 100 ಸೀಟುಗಳ ಪೈಕಿ 16ನ್ನು ಅಲ್ಪಸಂಖ್ಯಾತ ಜನಾಂಗಗಳಿಗೆ ಮೀಸಲಿಟ್ಟಿದ್ದರು. ಎರಡು ಸಲ ಸೀಟು ಸಿಗದ ಬಿಳಿಯ ಅಭ್ಯರ್ಥಿ ಅಲನ್ ಬಕೀ ಕೋರ್ಟಿಗೆ ಹೋದರು. 1978ರಲ್ಲಿ ಸುಪ್ರೀಂ ಕೋರ್ಟ್ ನಾಲ್ಕು ನಾಲ್ಕಾಗಿ ಸೀಳಿತು. ನಡುವೆ ನಿಂತ ನ್ಯಾಯಮೂರ್ತಿ ಲೂಯಿಸ್ ಪೊವೆಲ್ ಅವರ ಮಾತೇ ಕೊನೆಗೆ ಕಾನೂನಾಯಿತು. ಸೀಟು ಮೀಸಲಿಡುವುದು ಸಲ್ಲದು ಎಂದರು ಪೊವೆಲ್. ಸಮಾಜ ಹಿಂದೆ ಮಾಡಿದ ಅನ್ಯಾಯವನ್ನು ಸರಿಪಡಿಸಬೇಕು ಎಂಬ ವಾದವನ್ನೂ ಒಪ್ಪಲಿಲ್ಲ. ಅವರು ಒಪ್ಪಿದ್ದು ಒಂದನ್ನೇ: ತರಗತಿಯಲ್ಲಿ ಬಗೆಬಗೆಯ ಹಿನ್ನೆಲೆಯ ವಿದ್ಯಾರ್ಥಿಗಳಿದ್ದರೆ ಎಲ್ಲರ ಕಲಿಕೆಗೂ ಒಳ್ಳೆಯದು, ಹಾಗಾಗಿ ಜನಾಂಗವನ್ನು ಹಲವು ಅಂಶಗಳಲ್ಲಿ ಒಂದಾಗಿ ಪರಿಗಣಿಸಬಹುದು. ಅದೇ ಪೀಠದಲ್ಲಿದ್ದ ಥರ್ಗುಡ್ ಮಾರ್ಷಲ್, ಆ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿ, ಗುಲಾಮಗಿರಿಯಿಂದ ಹಿಡಿದು ಇಡೀ ಚರಿತ್ರೆಯನ್ನು ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ ನೆನಪಿಸಿದರು. ಕಾನೂನಿನಲ್ಲಿ ನಿಂತದ್ದು ಪೊವೆಲ್ ಶಬ್ದ.

ಆದದ್ದೇನು ನೋಡಿ. ಗುಲಾಮರ ಮೊಮ್ಮಕ್ಕಳಿಗೆ ಸಲ್ಲಬೇಕಾದ ಬಾಕಿಯ ಪ್ರಶ್ನೆ, ಅವರು ಪಕ್ಕದಲ್ಲಿ ಕೂತರೆ ಬಿಳಿಯ ಸಹಪಾಠಿಗೆ ಏನು ಲಾಭ ಎಂಬ ಪ್ರಶ್ನೆಯಾಗಿ ಮಾರ್ಪಟ್ಟಿತು. ಮುಂದಿನ 45 ವರ್ಷ ವಿಶ್ವವಿದ್ಯಾಲಯಗಳೂ ಕಂಪನಿಗಳೂ ಅದೇ ಭಾಷೆ ಕಲಿತವು, ಏಕೆಂದರೆ ಕೋರ್ಟಿನಲ್ಲಿ ಚಲಾವಣೆಯಲ್ಲಿದ್ದ ನಾಣ್ಯ ಅದೊಂದೇ. ವೈವಿಧ್ಯದ ಮಾತು ಜನಾಂಗ ಮತ್ತು ವರ್ಗದ ನಿಜವಾದ ಪ್ರಶ್ನೆಗಳಿಂದ ಗಮನ ತಪ್ಪಿಸುತ್ತದೆ ಎಂದು ಕಾನೂನು ವಿದ್ವಾಂಸ ಡೆರಿಕ್ ಬೆಲ್ 2003ರಲ್ಲೇ ಬರೆದಿದ್ದರು. 2023ರ ಜೂನ್ 29ರಂದು ಕೋರ್ಟ್ ಆ ನಾಣ್ಯವನ್ನೂ ರದ್ದು ಮಾಡಿತು. ವಿಶ್ವವಿದ್ಯಾಲಯಗಳು ಹೇಳುವ ಉದ್ದೇಶಗಳು ಅಳತೆಗೇ ಸಿಗುವುದಿಲ್ಲ ಎಂಬುದು ಬಹುಮತದ ಒಂದು ಕಾರಣ. 2025ರ ಜನವರಿಯಲ್ಲಿ ಟ್ರಂಪ್ ಸರ್ಕಾರ ಸರ್ಕಾರಿ ಇಲಾಖೆಗಳ ಡೈವರ್ಸಿಟಿ ಕಾರ್ಯಕ್ರಮಗಳನ್ನು ನಿಲ್ಲಿಸಿತು. ಹಿಂದೆ ಅದೇ ಶಬ್ದವನ್ನು ಗೋಡೆಗೆ ಬರೆಸಿದ್ದ ಹಲವು ಕಂಪನಿಗಳು ಸದ್ದಿಲ್ಲದೆ ಅಳಿಸಿಕೊಂಡವು. ಲಾಭದ ಮೇಲೆ ನಿಲ್ಲಿಸಿದ ವಾದ ಲಾಭ ಕಾಣದ ದಿನ ಬಿದ್ದುಹೋಗುತ್ತದೆ.

ಮೈಸೂರು ಸಂಸ್ಥಾನ ಇದೇ ಪ್ರಶ್ನೆಯನ್ನು ಬಕೀ ತೀರ್ಪಿಗಿಂತ ಅರವತ್ತು ವರ್ಷ ಮೊದಲೇ ಎದುರಿಸಿತ್ತು. ಜನಸಂಖ್ಯೆಯಲ್ಲಿ ತೀರ ಚಿಕ್ಕ ಪಾಲಿನ ಬ್ರಾಹ್ಮಣರು ಉನ್ನತ ಹುದ್ದೆಗಳ ಬಹುಪಾಲನ್ನು ಹಿಡಿದಿದ್ದ ಕಾಲ. 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿ ಮಹಾರಾಜರ ಮುಂದೆ ದೂರು ಇಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ದಿವಾನ್ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಿರಲಿಲ್ಲ, ಅವರು ಹುದ್ದೆ ಬಿಟ್ಟದ್ದಕ್ಕೆ ಇದೂ ಒಂದು ಕಾರಣ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಏಳು ವರ್ಷಗಳ ಒಳಗೆ ಉನ್ನತ ಹುದ್ದೆಗಳಲ್ಲಿ ಅರ್ಧದಷ್ಟಾದರೂ ಹಿಂದುಳಿದ ಸಮುದಾಯಗಳಿಗೆ ಸಿಗಬೇಕು ಎಂದು ಸಮಿತಿ ಶಿಫಾರಸು ಮಾಡಿತು. ಅಲ್ಲಿ ನಡೆದ ಚರ್ಚೆಯ ಕೇಂದ್ರದಲ್ಲಿದ್ದ ಮಾತು ಪ್ರಾತಿನಿಧ್ಯ. ಸಂವಿಧಾನದ 16(4)ನೇ ವಿಧಿಯೂ ಸೇವೆಗಳಲ್ಲಿ ಸಾಕಷ್ಟು ಪ್ರಾತಿನಿಧ್ಯ ಇಲ್ಲದ ಹಿಂದುಳಿದ ವರ್ಗಗಳ ಬಗ್ಗೆ ಮಾತಾಡುತ್ತದೆ. ಕಚೇರಿಯ ಚೆಂದ ಹೆಚ್ಚಲಿ ಎಂಬುದು ಅದರ ಮಾತಲ್ಲ. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಲ್ಲಿ ಹೆಣ್ಣುಮಕ್ಕಳಿಗೆ ನಾಲ್ಕನೇ ಒಂದು ಪಾಲು ಎಂದು ಕರ್ನಾಟಕ 1980ರ ದಶಕದಲ್ಲಿ ನಿಯಮ ಮಾಡಿದಾಗಲೂ ಅದು ಪಾಲಿನ ಮಾತಾಗಿಯೇ ಇತ್ತು.

ವೈವಿಧ್ಯ ಎಂಬ ಶಬ್ದವನ್ನು ಈ ಚೌಕಟ್ಟಿನೊಳಗೆ ಒಳ್ಳೆಯ ರೀತಿಯಲ್ಲಿ ಬಳಸಲು ಬರುತ್ತದೆ. ಬಡ್ತಿ ಮೀಸಲಾತಿ ಕುರಿತ ಕರ್ನಾಟಕದ ಕಾನೂನನ್ನು 2019ರ ಬಿ.ಕೆ. ಪವಿತ್ರ ಪ್ರಕರಣದಲ್ಲಿ ಎತ್ತಿಹಿಡಿದ ಸುಪ್ರೀಂ ಕೋರ್ಟ್, ಆಡಳಿತದ ದಕ್ಷತೆ ಎಂದರೆ ಅಂಕಪಟ್ಟಿಯಷ್ಟೇ ಅಲ್ಲ, ಸಮಾಜದ ಬೇರೆ ಬೇರೆ ಭಾಗಗಳಿಗೆ ಆಡಳಿತದಲ್ಲಿ ಜಾಗ ಇರುವುದೂ ದಕ್ಷತೆಯ ಭಾಗ ಎಂಬ ಅರ್ಥದಲ್ಲಿ ಹೇಳಿತು. ಹಕ್ಕು ಮೊದಲು, ಅದರಿಂದ ಎಲ್ಲರಿಗೂ ಆಗುವ ಒಳಿತು ಆಮೇಲೆ. ಪೊವೆಲ್ ಈ ಎರಡರಲ್ಲಿ ಮೊದಲನೆಯದನ್ನು ಕತ್ತರಿಸಿ ಎರಡನೆಯದನ್ನು ಮಾತ್ರ ಇಟ್ಟುಕೊಂಡಿದ್ದರು.

ಈ ಕತ್ತರಿ ಈಗ ನಮ್ಮಲ್ಲೂ ಆಡುತ್ತಿದೆ ಎಂಬುದೇ ನನ್ನ ತಕರಾರು. ‘ಐದು ಬೆರಳೂ ಸಮ ಇರುತ್ತವೆಯೇ’ ಎಂದು ಹಿರಿಯರು ಕೇಳುತ್ತಿದ್ದರಲ್ಲ, ಆ ಮಾತಿಗೆ ಎರಡು ಮುಖ. ಮಕ್ಕಳ ಸ್ವಭಾವ ಬೇರೆ ಬೇರೆ ಎನ್ನುವಾಗ ಅದು ವಿವೇಕ. ಕೇರಿಯವನಿಗೆ ಬೇರೆ ಲೋಟ ಇಟ್ಟದ್ದನ್ನು ಸಮರ್ಥಿಸುವಾಗ ಅದು ಕ್ರೌರ್ಯ. ವೈವಿಧ್ಯ ಎಂಬ ಶಬ್ದಕ್ಕೂ ಆ ಎರಡನೇ ಮುಖ ಬೆಳೆಯುತ್ತಿದೆ. ಹದಿನೆಂಟು ಜಾತಿಯ ಊರನ್ನು ತೋರಿಸಿ, ನೋಡಿ ಎಂಥ ವೈವಿಧ್ಯ, ಒಬ್ಬೊಬ್ಬರದು ಒಂದೊಂದು ಕಸುಬು, ಒಂದೊಂದು ಅಡುಗೆ, ಒಂದೊಂದು ದೇವರು ಎಂದು ಹಿಗ್ಗುವವರಿದ್ದಾರೆ. ಸಿಂಪ್ಸನ್ ಸೂತ್ರ ಹಾಕಿದರೆ ಆ ಊರಿಗೆ ಒಳ್ಳೆಯ ಅಂಕವೇ ಬರುತ್ತದೆ. ಬಾವಿಯಿಂದ ನೀರು ಸೇದುವ ಹಕ್ಕು ಯಾರಿಗಿತ್ತು ಎಂಬುದು ಆ ಸೂತ್ರದಲ್ಲಿ ಕಾಣುವುದಿಲ್ಲ. ಅಡುಗೆಯಲ್ಲಿರುವ ಭೇದ ವೈವಿಧ್ಯ, ಬಾವಿಯ ಕಟ್ಟೆ ಯಾರು ಮುಟ್ಟಬಹುದು ಎಂಬ ಭೇದ ಅಸಮಾನತೆ. ಎರಡನ್ನೂ ಒಂದೇ ಶಬ್ದದಲ್ಲಿ ಕಟ್ಟಿದರೆ ಒಂದನ್ನು ಉಳಿಸುವ ನೆಪದಲ್ಲಿ ಇನ್ನೊಂದೂ ಉಳಿಯುತ್ತದೆ.

ಕಂಪನಿಗಳ ವಾರ್ಷಿಕ ವರದಿ ತೆರೆದರೆ ಮಹಿಳೆಯರು ಶೇಕಡಾ ಎಷ್ಟು, ಅಂಗವಿಕಲರು ಎಷ್ಟು, ಎಷ್ಟು ದೇಶದವರು ಎಂಬ ಅಂಕಿಗಳು ಬಣ್ಣದ ಚಿತ್ರಗಳಲ್ಲಿ ಸಿಗುತ್ತವೆ. ಜಾತಿಯ ಸಾಲು ಸಾಮಾನ್ಯವಾಗಿ ಇರುವುದಿಲ್ಲ. ಕೇಳಿದರೆ ‘ನಾವು ಜಾತಿ ನೋಡುವುದಿಲ್ಲ’ ಎಂಬ ಉತ್ತರ. ಲಿಂಗ ನೋಡುತ್ತೀರಿ, ರಾಷ್ಟ್ರೀಯತೆ ನೋಡುತ್ತೀರಿ, ಇದೊಂದನ್ನು ಮಾತ್ರ ಏಕೆ ನೋಡುವುದಿಲ್ಲ? ಕನ್ನಡಿಗರೂ ಸೇರಿದಂತೆ ಭಾರತೀಯ ಎಂಜಿನಿಯರುಗಳು ತುಂಬಿರುವ ಸಿಯಾಟಲ್ ನಗರ 2023ರ ಫೆಬ್ರುವರಿಯಲ್ಲಿ ಜಾತಿ ತಾರತಮ್ಯವನ್ನು ಕಾನೂನಿನಿಂದ ನಿಷೇಧಿಸಿತು, ಅಮೆರಿಕದ ನಗರಗಳಲ್ಲಿ ಅದೇ ಮೊದಲು. ಜಾತಿ ಹುಟ್ಟಿದ ದೇಶದ ಕಂಪನಿ ವರದಿಯಲ್ಲಿ ಅದಕ್ಕೆ ಒಂದು ಕಾಲಂ ಕೂಡ ಇಲ್ಲ ಎಂದರೆ ಅಲ್ಲಿನ ಡೈವರ್ಸಿಟಿ ಪುಟವನ್ನು ನಂಬುವುದು ಕಷ್ಟ.

ಎಣಿಸುವ ಕೆಲಸ ಈಗ ಮತ್ತೆ ನಮ್ಮ ಬಾಗಿಲಿಗೆ ಬರುತ್ತಿದೆ. 2027ರ ಮಾರ್ಚ್ 1ನ್ನು ಆಧಾರ ದಿನವಾಗಿ ಇಟ್ಟುಕೊಂಡ ಜನಗಣತಿಯಲ್ಲಿ ಜಾತಿಯನ್ನೂ ಕೇಳುತ್ತಾರೆ, ತಾಯ್ನುಡಿಯನ್ನು ಎಂದಿನಂತೆ ಕೇಳುತ್ತಾರೆ. ಹೆಸರುಗಳನ್ನು ಆಮೇಲೆ ಯಾವ ಪೆಟ್ಟಿಗೆಗೆ ಹಾಕುತ್ತಾರೋ ಅದು ದಿಲ್ಲಿಯ ಕೈಯಲ್ಲಿದೆ, ಹೇಳುವ ಹೆಸರು ನಿಮ್ಮ ಕೈಯಲ್ಲಿದೆ. ಲಂಬಾಣಿಯನ್ನು ಹಿಂದಿಯ ಕೆಳಗೆ ಸೇರಿಸಿದರೂ 32.8 ಲಕ್ಷ ಎಂಬ ಸಂಖ್ಯೆ ಇಂದು ನಮಗೆ ಗೊತ್ತಿರುವುದು, ಅಷ್ಟು ಜನ ಗಣತಿದಾರರ ಮುಂದೆ ಆ ಹೆಸರನ್ನೇ ಹೇಳಿದ್ದರಿಂದ. ಮನೆಯಲ್ಲಿ ಅರೆಭಾಷೆ ಆಡುವವರು ಅರೆಭಾಷೆ ಎಂದು, ಬ್ಯಾರಿ ಆಡುವವರು ಬ್ಯಾರಿ ಎಂದು, ಕೊಡವ ತಕ್ಕ್, ತುಳು, ಕೊಂಕಣಿ, ಸೋಲಿಗರ ನುಡಿ ಯಾವುದೇ ಇರಲಿ ಅದನ್ನೇ ಬರೆಸಿ. ಗಣತಿದಾರರು ಅವಸರದಲ್ಲಿ ‘ಕನ್ನಡ ಅಂತ ಹಾಕಲಾ?’ ಎಂದು ಕೇಳಿದರೆ ಬೇಡ ಎನ್ನಿ, ಬರೆದದ್ದನ್ನು ಒಮ್ಮೆ ಓದಿಸಿಕೊಳ್ಳಿ.